ಬೆಚ್ಚಗಿನ ಮೊಟ್ಟೆ

ಬೊಂಗಿಮ್ ಆ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿದ್ದರೂ ಸೋಯಾ ಕಾಳಿನ ಉಪ್ಪುರಸವಾದ ಜಾಂಗ್ ಹಾಕುವ ಕೆಲಸವನ್ನು ಅತ್ತೆ ಅವಳ ಕೈಗೆ ಕೊಟ್ಟಿರಲಿಲ್ಲ. ಬೇಯಿಸಿದ ಸೋಯಾ ಕಾಳು ಕುಟ್ಟಿ ಅಚ್ಚು ಕಟ್ಟುವುದು, ಅಚ್ಚುಗಳನ್ನು ಹುಲ್ಲಿನ ಹಗ್ಗದಲ್ಲಿ ತೂಗುಹಾಕಿ ಹುಳಿಯಲು ಬಿಡುವುದು, ಹಿತ್ತಲ ಜಗಲಿಯ ಮೇಲಿನ ಜಾಡಿಗಳನ್ನು ತಿಕ್ಕುವುದು, ಇವೆಲ್ಲ ಬೊಂಗಿಮ್ ಪಾಲಿಗೆ. ಆ ಅಚ್ಚುಗಳನ್ನು ಜಾಡಿಗಿಳಿಸಿ ಉಪ್ಪುನೀರು ಸುರಿಯುವ ಗಳಿಗೆ ಬಂತೆಂದರೆ ಅತ್ತೆ ಅವಳನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಸಾರಿಗೆ, ಸೊಪ್ಪಿಗೆ, ಏನೂ ಇಲ್ಲದ ದಿನ ಬರೀ ಅನ್ನಕ್ಕೆ ಕೂಡ ವರ್ಷವಿಡೀ ರುಚಿ ಕೊಡುವುದು ಆ ಜಾಡಿಗಳೇ. ಜಾಂಗ್ ಕೆಟ್ಟ ಮನೆ ಕೆಟ್ಟಿತು ಎಂದು ಆ ಸೀಮೆಯಲ್ಲಿ ಮಾತಿದೆ. ಕೆಡಿಸಿದ ಸೊಸೆಯ ಗತಿ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅತ್ತೆ ಹ್ವಾಸುನ್ ಕಡೆಯಿಂದ ಬಂದವಳು, ಅದಕ್ಕೇ ಊರಿಗೆಲ್ಲ ಹ್ವಾಸುನಮ್ಮ. ಮಗ ಗ್ಯೂಸಿಕ್ ಸೈನ್ಯದ ಚಾಕರಿಗೆ ಕಡಲತೀರಕ್ಕೆ ಹೋದವನು ಅಲ್ಲಿಯ ಉಪ್ಪಿನ ಗದ್ದೆಯ ಕೂಲಿಯವನ ಮಗಳನ್ನು ಮೆಚ್ಚಿ ತಂದಿದ್ದ. ಹ್ವಾಸುನಮ್ಮನಾದರೋ ಅಕ್ಕಿ ಗಿರಣಿಯವನ ಮಗಳನ್ನು ಮನಸ್ಸಿನಲ್ಲೇ ಮನೆ ತುಂಬಿಸಿಕೊಂಡು ಕೂತಿದ್ದಳು. ಆ ಹುಡುಗಿ ಒಂದು ಕಾಲು ಎಳೆಯುತ್ತಿದ್ದಳು, ಹಾಗಾಗಿ ಇನ್ನೂ ಮದುವೆಯಾಗಿರಲಿಲ್ಲ. ಹುಡುಗಿ ಕುಂಟಿದರೇನು, ಗಿರಣಿ ಕುಂಟುತ್ತಿರಲಿಲ್ಲವಲ್ಲ.

"ಉಪ್ಪಿನವನ ಮಗಳು ಬಂದಿದಾಳೆ, ಇನ್ನು ಸಾರಿಗೆ ಉಪ್ಪು ಯಾಕೆ? ಅವಳ ಕೈಬೆರಳು ಅದ್ದಿದ್ರೆ ಸಾಕು" ಎಂದು ಸೊಸೆ ಬಂದ ಹೊಸತರಲ್ಲೇ ಅತ್ತೆ ನೆರೆಹೊರೆಯವರ ಮುಂದೆ ಅಂದಿದ್ದಳು. ಬೊಂಗಿಮ್ ಅದನ್ನು ತಮಾಷೆ ಎಂದುಕೊಂಡು ನಕ್ಕಳು. ನಕ್ಕಿದ್ದು ಸಾಲದೆಂಬಂತೆ ಹೆಮ್ಮೆಯಿಂದ, "ಹೌದತ್ತೆ, ನಮ್ಮಪ್ಪ ಗಾಜಿನ ಕಡ್ಡಿ ತೇಲಿಬಿಟ್ಟು ಉಪ್ಪುನೀರು ಎಷ್ಟು ಗಟ್ಟಿ ಅಂತ ಅಳೀತಾರೆ. ನಂಗೆ ಕಡ್ಡೀನೂ ಬೇಡ, ನಾಲಿಗೇಗೆ ಮುಟ್ಟಿಸಿದ್ರೆ ಹೇಳಿಬಿಡ್ತೀನಿ" ಎಂದಳು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಹತ್ತೊಂಬತ್ತರ ಹುಡುಗಿಗೆ ಯಾರು ಕಲಿಸಿದ್ದರು! ಹ್ವಾಸುನಮ್ಮ ಆ ಮಾತನ್ನು ಮಡಿಸಿ ಎತ್ತಿಟ್ಟುಕೊಂಡಳು.

ಆಮೇಲೆ ಗಂಡುಮಗು ಹುಟ್ಟಿತು. ದೋಲ್ ಎಂದು ಕರೆದರು. ಬೊಂಗಿಮ್ ತನ್ನ ಕಾಲು ಆ ಮನೆಯಲ್ಲಿ ಊರಿತೆಂದು ತಿಳಿದಳು. ಹ್ವಾಸುನಮ್ಮ ಬೇರೆಯೇ ಲೆಕ್ಕ ಹಾಕಿದ್ದಳು. ವಂಶಕ್ಕೆ ಬೇಕಾದ್ದು ಬಂದಾಯಿತು, ತಂದವಳು ಇನ್ನೇಕೆ? ಸೊಸೆಯನ್ನು ಕಳಿಸಿದರೆ ಮಗು ಅಪ್ಪನ ಮನೆಯಲ್ಲೇ ಉಳಿಯುತ್ತದೆ, ಅದು ಅಲ್ಲಿನ ಕಟ್ಟಳೆ. ಆದರೆ ಗಂಡು ಹೆತ್ತವಳನ್ನು ಸುಮ್ಮಸುಮ್ಮನೆ ಹೊರಹಾಕಲು ಮಾವ ಒಪ್ಪುವವನಲ್ಲ. ಅವನು ಒರಟ, ಆದರೆ ಅನ್ಯಾಯದ ಮನುಷ್ಯನಲ್ಲ.

ವರ್ಷದ ಮೊದಲ ತಿಂಗಳು, ಪಂಚಾಂಗದಲ್ಲಿ ಕುದುರೆಯ ದಿನ, ಜಾಂಗ್ ಹಾಕಲು ಒಳ್ಳೆಯ ದಿನ. ಅತ್ತೆ ತಾನಾಗಿಯೇ ಹೇಳಿದಳು.

"ಈ ಸಲ ನೀನೇ ಹಾಕಮ್ಮ. ಗಂಡು ಹೆತ್ತಿದೀಯ, ಇನ್ನೂ ಎಷ್ಟು ದಿನ ಜಾಡಿ ತಿಕ್ಕಿಸ್ಲಿ ನಿನ್ ಕೈಲಿ?"

ಬೊಂಗಿಮ್‌ಗೆ ಕಣ್ಣು ತುಂಬಿ ಬಂತು. ಸ್ನಾನ ಮಾಡಿ ಬಿಳಿ ಬಟ್ಟೆ ಉಟ್ಟಳು. ಜಾಂಗ್ ಹಾಕುವವಳ ಉಸಿರು ಉಪ್ಪುನೀರಿಗೆ ತಾಗಬಾರದೆಂದು ಬಾಯಿಗೆ ಕಾಗದ ಕಟ್ಟುವ ಪದ್ಧತಿ ಎಷ್ಟೋ ಮನೆಗಳಲ್ಲಿ ಹೋಗಿತ್ತು, ಆ ಮನೆಯಲ್ಲಿ ಇತ್ತು. ಅತ್ತೆಯೇ ಮೂಗು ಬಾಯಿ ಸೇರಿಸಿ ಕಾಗದ ಸುತ್ತಿ ಹಿಂದೆ ಬಿಗಿಯಾಗಿ ಗಂಟು ಹಾಕಿದಳು. ನಾಲಿಗೆಯಲ್ಲಿ ಉಪ್ಪು ಅಳೆಯಬಲ್ಲವಳ ನಾಲಿಗೆ ಅಲ್ಲಿಗೆ ಕಟ್ಟಿಹೋಯಿತು. ಇನ್ನು ಅಳತೆಗೆ ಉಳಿದದ್ದು ಮೊಟ್ಟೆಯೊಂದೇ. ಉಪ್ಪುನೀರಿಗೆ ಮೊಟ್ಟೆ ಬಿಟ್ಟಾಗ ಅದು ತೇಲಿ, ನೆತ್ತಿ ಒಂದು ನಾಣ್ಯದಗಲ ಹೊರಗೆ ಕಂಡರೆ ಉಪ್ಪು ಸರಿ. ಮುಳುಗಿದರೆ ಸಾಲದು.

ಅತ್ತೆ ತನ್ನ ರವಿಕೆಯ ಮಡಿಕೆಯಿಂದ ಮೊಟ್ಟೆ ತೆಗೆದು ಸೊಸೆಯ ಅಂಗೈಯಲ್ಲಿಟ್ಟಳು.

"ಹಿಡಿ. ಒಳ್ಳೇ ಮೊಟ್ಟೆ."

ಮೊಟ್ಟೆ ಬೆಚ್ಚಗಿತ್ತು. ಈಗಷ್ಟೇ ಕೋಳಿಯ ಕೆಳಗಿನಿಂದ ಬಂದದ್ದು ಎಂದು ಬೊಂಗಿಮ್‌ಳ ಅಂಗೈ ನಂಬಿತು.

ನೀರಿಗೆ ಬಿಟ್ಟಳು. ಮೊಟ್ಟೆ ಲಕ್ಷಣವಾಗಿ ತೇಲಿ ನಾಣ್ಯದಗಲ ನೆತ್ತಿ ತೋರಿಸಿತು. ಆದರೆ ಚೀಲದಲ್ಲಿ ಉಪ್ಪು ತುಂಬಾ ಉಳಿದಿತ್ತು. ಹೋದ ವರ್ಷಗಳಲ್ಲಿ ಇಷ್ಟು ಉಳಿದದ್ದನ್ನು ಅವಳು ಕಂಡಿರಲಿಲ್ಲ. ಅವಳು ಚೀಲದ ಕಡೆ ಕೈ ತೋರಿಸಿ, ಇನ್ನೂ ಹಾಕಲೇ ಎಂದು ಸನ್ನೆ ಮಾಡಿದಳು. ಪಡಸಾಲೆಯಲ್ಲಿ ಕೂತು ತಂಬಾಕು ಸೇದುತ್ತಿದ್ದ ಮಾವ ಕೂಡ ಅತ್ತ ತಿರುಗಿ ನೋಡಿದ.

"ಮೊಟ್ಟೆ ಸುಳ್ಳು ಹೇಳುತ್ತೇನೇ?" ಎಂದಳು ಅತ್ತೆ. "ನಿಮ್ಮಪ್ಪನ ಗದ್ದೆ ಅನ್ಕೊಂಡ್ಯಾ, ಮನಸ್ಸಿಗೆ ಬಂದಷ್ಟು ಸುರಿಯೋಕೆ? ಸುರಿ, ಸುರಿ, ಹೊತ್ತು ಮೀರುತ್ತೆ."

ಬೊಂಗಿಮ್ ಸುರಿದಳು. ದಿನವೂ ಜಾಡಿಯ ಮುಚ್ಚಳ ತೆಗೆದು ಬಿಸಿಲು ಕಾಣಿಸುವ ಕೆಲಸವನ್ನು ಅತ್ತೆ ತಾನೇ ವಹಿಸಿಕೊಂಡಳು. ಅದನ್ನೂ ಬೊಂಗಿಮ್ ಪ್ರೀತಿ ಎಂದೇ ತಿಳಿದಳು.

ಎರಡನೇ ತಿಂಗಳು ಮುಗಿಯುವಷ್ಟರಲ್ಲಿ ಹಿತ್ತಲಿಂದ ಕೆಟ್ಟ ವಾಸನೆ ಬಂತು. ಜಾಡಿಯ ಮೇಲೆ ಲೋಳೆ ಕಟ್ಟಿತ್ತು, ಅಂಚಿನಲ್ಲಿ ಹುಳು ಹರಿದಾಡುತ್ತಿತ್ತು. ಹ್ವಾಸುನಮ್ಮ ಕೂಗಾಡಲಿಲ್ಲ. ಗಂಡನನ್ನೂ ಮಗನನ್ನೂ ಕರೆತಂದು ತೋರಿಸಿ, ಬಟ್ಟೆಯಂಚಿನಿಂದ ಒಣಗಿದ ಕಣ್ಣು ಒರೆಸಿಕೊಂಡಳು. ಬೊಂಗಿಮ್ ಜಾಡಿಯ ಪಕ್ಕ ಕೂತು ಲೋಳೆ ತೆಗೆಯತೊಡಗಿದಳು.

ಮಾವ ಜಾಡಿಯ ಮೇಲೆ ಬಗ್ಗಿ ನೋಡಿದ. "ಮೊದಲ್ನೇ ಸಲ. ಕೈ ತಪ್ಪಿದೆ" ಎಂದ. "ನಿಂದೂ ಮೊದಲ ವರ್ಷ ಬಾಯಿಗಿಡೋಕಾಗದಷ್ಟು ಉಪ್ಪಾಗಿತ್ತಲ್ಲೇ. ಮುಂದಿನ ವರ್ಷ ಸರಿಯಾಗಿ ಹಾಕ್ತಾಳೆ, ಬಿಡು."

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ತಪ್ಪಾಯಿತು ಮಾವ ಎಂದು ಬೊಂಗಿಮ್ ತಲೆ ಬಗ್ಗಿಸಿದ್ದರೆ ಅವಳು ಇಂದಿಗೂ ಆ ಹಿತ್ತಲಲ್ಲಿ ಜಾಡಿ ತಿಕ್ಕಿಕೊಂಡು ಮಗನನ್ನು ಬೆಳೆಸುತ್ತಿದ್ದಳೋ ಏನೋ. ಹ್ವಾಸುನಮ್ಮನಿಗೆ ಇದು ಗೊತ್ತಿತ್ತು. ಅದಕ್ಕೇ ಅವಳು ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿದಳು.

"ಬಿಡ್ತೀನಿ, ಬಿಡದೆ ಏನ್ ಮಾಡ್ಲಿ? ಪಾಪ, ಅವಳಪ್ಪ ತೆಗೆಯೋದು ಉಪ್ಪೋ ಮರಳೋ ಯಾರಿಗ್ಗೊತ್ತು!"

ಬೊಂಗಿಮ್ ಎದ್ದಳು. ಬೆರಳು ಅದ್ದಿ ಆ ಕೊಳೆತ ನೀರನ್ನೇ ನಾಲಿಗೆಗೆ ಮುಟ್ಟಿಸಿದಳು. ಉಪ್ಪು ಕಡಿಮೆ, ತೀರಾ ಕಡಿಮೆ. ಹಾಗಾದರೆ ಮೊಟ್ಟೆ ತೇಲಿದ್ದು ಹೇಗೆ? ಆ ರಾತ್ರಿಯೆಲ್ಲ ಅದೇ ಯೋಚನೆ. ಚಳಿಗಾಲದ ಕೊನೆಗೆ ಬೇಯಿಸುತ್ತಿದ್ದ ಮೊಟ್ಟೆಗಳು ನೆನಪಾದವು. ಸಿಪ್ಪೆ ಸುಲಿದರೆ ಅಗಲವಾದ ತುದಿಯಲ್ಲಿ ದೊಡ್ಡ ಗುಳಿ ಇರುತ್ತಿತ್ತು. ಹೊಸ ಮೊಟ್ಟೆಯಲ್ಲಿ ಅದು ಉಗುರಿನಷ್ಟೂ ಇರುವುದಿಲ್ಲ. ದಿನ ಕಳೆದಂತೆ ಒಳಗಿನ ತೇವ ಸಿಪ್ಪೆ ದಾಟಿ ಹೋಗುತ್ತದೆ, ಅಷ್ಟು ಜಾಗಕ್ಕೆ ಗಾಳಿ ಬರುತ್ತದೆ. ಗಾತ್ರ ಅಷ್ಟೇ, ತೂಕ ಮಾತ್ರ ಇಳಿಯುತ್ತದೆ. ಗಾತ್ರ ಅಷ್ಟೇ ಇದ್ದು ತೂಕ ಇಳಿದದ್ದು ತೆಳು ನೀರಿನಲ್ಲೂ ತೇಲುತ್ತದೆ. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಹುಚ್ಚಿ, ಸತ್ಯ ಸಿಕ್ಕಿತೆಂದರೆ ಗೆದ್ದೆನೆಂದು ತಿಳಿದಳು.

ಬೆಳಗಾಗುತ್ತಲೇ ಎಲ್ಲರನ್ನೂ ಅಂಗಳಕ್ಕೆ ಕರೆದಳು. ಬೋಗುಣಿಯಲ್ಲಿ ಅಂದಿನಷ್ಟೇ ತೆಳುವಾದ ಉಪ್ಪುನೀರು ಮಾಡಿದಳು. ಕೋಳಿಯನ್ನೆಬ್ಬಿಸಿ ತಂದ ಮೊಟ್ಟೆ ಬಿಟ್ಟಳು. ಅದು ಸೀದಾ ತಳಕ್ಕೆ ಹೋಯಿತು. ಆಮೇಲೆ, ಚಳಿಗಾಲಕ್ಕೆಂದು ಅತ್ತೆ ಹೊಟ್ಟಿನಲ್ಲಿ ಹೂತಿಟ್ಟಿದ್ದರಲ್ಲಿ ಉಳಿದಿದ್ದ ಹಳೆಯ ಮೊಟ್ಟೆ ಬಿಟ್ಟಳು. ಅದು ತೇಲಿ, ನಾಣ್ಯದಗಲ ನೆತ್ತಿ ತೋರಿಸಿತು.

ಮಾವ ಬಗ್ಗಿ ನೋಡಿದ. "ಅರೆ! ಹೌದಲ್ಲ!"

"ಅಬ್ಬ!" ಎಂದು ಗ್ಯೂಸಿಕ್ ಎಷ್ಟೋ ದಿನಕ್ಕೆ ನಕ್ಕ.

ಬೊಂಗಿಮ್ ಕೆಂಪಾಗಿ, ತೊದಲುತ್ತಾ, ಗಾಳಿ, ತೂಕ, ಗಾತ್ರ ಎಲ್ಲವನ್ನೂ ವಿವರಿಸಿದಳು. ದೋಲ್‌ನನ್ನು ಬೆನ್ನಿಗೆ ಕಟ್ಟಿಕೊಂಡಿದ್ದ ಹ್ವಾಸುನಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳಿದಳು.

"ಎಷ್ಟು ಚೆನ್ನಾಗಿ ಹೇಳ್ತೀಯಮ್ಮ! ಮೇಷ್ಟ್ರು ಪಾಠ ಮಾಡಿದ ಹಾಗೆ. ಯಾರು ಕಲಿಸಿದ್ದು?"

"ಯಾರೂ ಇಲ್ಲ ಅತ್ತೆ, ರಾತ್ರಿ ನಾನೇ ಯೋಚನೆ ಮಾಡಿ..."

"ರಾತ್ರಿ? ನಿನ್ನೆ ರಾತ್ರಿ?" ಅತ್ತೆ ನಯವಾಗಿ ನಕ್ಕಳು. "ಉಪ್ಪುನೀರಲ್ಲಿ ಏನು ತೇಲುತ್ತೆ ಏನು ಮುಳುಗುತ್ತೆ ಅಂತ ಹುಟ್ಟಿದಾಗಿಂದ ನೋಡಿದವಳು ನೀನು. ನಿಮ್ಮಪ್ಪಂಗೆ ಕಡ್ಡಿ ಬೇಕು, ನಿಂಗೆ ಕಡ್ಡೀನೂ ಬೇಡ. ನೀನೇ ಹೇಳಿದ್ದಲ್ವಾ?"

"ಆದ್ರೆ ಆ ಮೊಟ್ಟೆ ಕೊಟ್ಟೋರು ನೀವು!"

"ಕೊಟ್ಟೆ, ಇಲ್ಲ ಅಂದ್ನಾ? ಮೂವತ್ತು ವರ್ಷದಿಂದ ಕೈಗೆ ಸಿಕ್ಕಿದ ಮೊಟ್ಟೆ ಬಿಟ್ಟು ಜಾಂಗ್ ಹಾಕಿದೀನಿ. ಅದರಲ್ಲಿ ಹಳೇದು ಹೊಸದು ಅಂತ ಇದೆ ಅನ್ನೋದು ಈ ದಡ್ಡ ಮುದುಕಿಗೆ ಇವತ್ತೇ ತಿಳಿದದ್ದು."

"ಬೆಚ್ಚಗಿತ್ತು! ಈಗಿಟ್ಟ ಮೊಟ್ಟೆ ಥರ ಬೆಚ್ಚಗಿತ್ತು ಮಾವ!"

"ಎದೇಲಿ ಇಟ್ಕೊಂಡು ತಂದ್ರೆ ಬೆಚ್ಚಗಿರದೆ ತಣ್ಣಗಿರುತ್ತಾ? ಜಾರಿ ಒಡೀಬಾರದು ಅಂತ ಇಟ್ಕೊಂಡಿದ್ದೆ." ಹ್ವಾಸುನಮ್ಮ ಗಂಡನ ಕಡೆ ತಿರುಗಿದಳು. "ನೋಡ್ರಿ, ನಂಗೆ ಗೊತ್ತಿಲ್ಲದೆ ಕೊಟ್ಟೆ. ಗೊತ್ತಿದ್ದೂ ಬಿಟ್ಟವಳು ಅವಳು. ನಮ್ಮ ಮನೆ ಜಾಂಗ್ ಕೆಡಿಸಿ, ಆಮೇಲೆ ಅತ್ತೆ ತಲೇಗೆ ಕಟ್ಟೋಣ ಅಂತ. ಇಷ್ಟು ಬುದ್ಧಿ ಎಲ್ಲರಿಗೂ ಬರುತ್ತಾ?"

ಮಾವನ ಮುಖ ನಿಧಾನವಾಗಿ ಗಟ್ಟಿಯಾಯಿತು. ತಿಳಿಯದೆ ಆದ ತಪ್ಪನ್ನು ಅವನು ಎಷ್ಟು ಬೇಕಾದರೂ ಕ್ಷಮಿಸುತ್ತಿದ್ದ, ತಿಳಿದು ಮಾಡಿದ್ದನ್ನು ಒಂದು ಸಲವೂ ಇಲ್ಲ.

"ಅವತ್ತು ನೀನು ಉಪ್ಪಿನ ಚೀಲ ತೋರಿಸಿ ಸನ್ನೆ ಮಾಡಿದ್ದನ್ನ ನಾನೇ ನೋಡಿದೀನಿ" ಎಂದ. "ಉಪ್ಪು ಕಡಿಮೆ ಅಂತ ನಿಂಗೆ ಗೊತ್ತಿತ್ತು."

"ಅನುಮಾನ ಇತ್ತು ಮಾವ, ಅದಕ್ಕೇ ಕೇಳಿದೆ..."

"ಗೊತ್ತಿತ್ತೋ ಇಲ್ವೋ?"

ಬೊಂಗಿಮ್ ಸುಳ್ಳು ಹೇಳಲಾರದವಳು. ಗಂಡನ ಕಡೆ ನೋಡಿದಳು. ಗ್ಯೂಸಿಕ್ ತನ್ನ ಚಪ್ಪಲಿ ನೋಡಿಕೊಳ್ಳುತ್ತಾ, "ಅವಳು ಅಂಥವಳಲ್ಲ... ಆದ್ರೆ ಅಮ್ಮ ಹೇಳೋದ್ರಲ್ಲೂ..." ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಅಂಥ ಗಂಡನ ಬಾಯಿಗೆ ಕಾಗದ ಕಟ್ಟುವ ಪದ್ಧತಿ ಯಾಕಿಲ್ಲವೋ!

"ತೌರಿಗೆ ಕಳಿಸು" ಎಂದ ಮಾವ. "ಮಗು ನಮ್ದು." ಬೋಗುಣಿಯ ನೀರನ್ನು ಅವನೇ ಎತ್ತಿ ಚರಂಡಿಗೆ ಚೆಲ್ಲಿದ.

ಹೊರಡುವ ದಿನ ಗಂಟು ಕಟ್ಟಿಯಾದ ಮೇಲೆ ಹ್ವಾಸುನಮ್ಮ ಅವಳನ್ನು ಹಿತ್ತಲಿಗೆ ಕರೆದಳು. ಉಳಿದಿದ್ದ ಅಚ್ಚುಗಳನ್ನು ತೊಳೆದು ಜಾಡಿಯೊಂದರಲ್ಲಿ ಜೋಡಿಸಿದ್ದಳು.

"ಬಿಸಿಲು ಬಲಿತಿದೆ. ಈಗ ಹಾಕೋ ಜಾಂಗಿಗೆ ಉಪ್ಪು ಹೆಚ್ಚು ಬೇಕು ಅಂತಾರೆ. ನಂಗಂತೂ ಇನ್ನು ಮೊಟ್ಟೆ ನಂಬೋಕೆ ಭಯ. ನಾಲಿಗೆ ಇರೋಳು ನೀನು, ಹಾಕಿಕೊಟ್ಟು ಹೋಗು."

ಬೊಂಗಿಮ್ ಆ ಮುಖವನ್ನು ದಿಟ್ಟಿಸಿದಳು. ನಾಚಿಕೆ ಎಂಬುದರ ಸುಳಿವೂ ಅಲ್ಲಿರಲಿಲ್ಲ. ಈ ಸಲ ಯಾರೂ ಕಾಗದ ಕಟ್ಟಲಿಲ್ಲ. ಉಪ್ಪು ಅವಳ ಕೈಯಲ್ಲಿತ್ತು. ನಾಲ್ಕು ಬೊಗಸೆ ಕಡಿಮೆ ಹಾಕಿದರೆ ಸಾಕು, ಮಳೆಗಾಲದೊಳಗೆ ಈ ಜಾಡಿಯಲ್ಲೂ ಹುಳು ಬೀಳುತ್ತದೆ, ಈ ಮುದುಕಿ ಊರ ಮುಂದೆ ತಲೆ ಎತ್ತುವಂತಿಲ್ಲ. ಅವಳಿಗೆ ಹಾಗೆ ಮಾಡುವ ಆಸೆಯಾಯಿತು, ಬಹಳ ಆಸೆಯಾಯಿತು. ಹ್ವಾಸುನಮ್ಮ ಒಂದು ಹೆಜ್ಜೆ ಸರಿದು ಬೆನ್ನು ತಿರುಗಿಸಿ ನಿಂತಳು. ಅವಳ ಬೆನ್ನ ಮೇಲೆ ನಿದ್ದೆಗಣ್ಣಲ್ಲಿದ್ದ ದೋಲ್‌ನ ಮುಖ ಈಗ ಬೊಂಗಿಮ್‌ಗೆ ನೇರವಾಗಿ ಕಾಣುತ್ತಿತ್ತು. ಮಗುವಿಗೆ ಹಾಲು ಬಿಡಿಸಿ ತಿಂಗಳಾಗಿರಲಿಲ್ಲ. ಅನ್ನಕ್ಕೆ ಒಂದು ತೊಟ್ಟು ಜಾಂಗ್ ಕಲಸಿದರೆ ಮಾತ್ರ ಬಾಯಿ ತೆರೆಯುತ್ತಿತ್ತು.

ಬೊಂಗಿಮ್ ಉಪ್ಪು ಸುರಿದಳು. ಕದಡಿದಳು, ನಾಲಿಗೆಗೆ ಮುಟ್ಟಿಸಿದಳು, ಮತ್ತೆ ಒಂದು ಬೊಗಸೆ ಹಾಕಿದಳು. ಕಣ್ಣೀರು ಬೀಳಬಾರದೆಂದು ಮುಖ ಆಚೆ ತಿರುಗಿಸಿಕೊಂಡು ಕದಡಿದಳು. ಸರಿಯಾಯಿತು ಎನ್ನಿಸಿದ ಮೇಲೆ ಅಚ್ಚುಗಳ ಮೇಲೆ ಹೊಯ್ದು ಮುಚ್ಚಳ ಹಾಕಿದಳು. ಹ್ವಾಸುನಮ್ಮ ಉಪ್ಪು ಉಳಿದ ಚೀಲದ ಬಾಯಿ ಕಟ್ಟಿದಳು. ಹೆತ್ತವಳು ಮಗುವಿನ ತುತ್ತು ಕೆಡಿಸುವುದಿಲ್ಲವೆಂದು ಅವಳು ಮೊದಲೇ ತೂಗಿ ನೋಡಿದ್ದಳು.

ದೋಲ್ ಎಚ್ಚರಗೊಂಡು ಅಮ್ಮನ ಕಡೆ ಕೈ ಚಾಚಿದ. ಬೊಂಗಿಮ್ ಎದ್ದು ಎರಡೂ ಕೈ ಮುಂದೆ ಮಾಡಿದಳು.

"ಅಯ್ಯೋ, ಉಪ್ಪಿನ ಕೈ ಕಣೇ! ಮಗೂ ಕಣ್ಣಿಗೆ ತಾಗಿದ್ರೆ?" ಎಂದು ಹ್ವಾಸುನಮ್ಮ ಹಿಂದೆ ಸರಿದಳು. "ತೊಳ್ಕೊಂಡು ಬಾ, ಎತ್ಕೊಳ್ಳುವಂತೆ."

ಹೌದಲ್ಲ ಎಂದು ಬೊಂಗಿಮ್ ಬಾವಿಯ ಹತ್ತಿರ ಓಡಿದಳು. ಒಂದು ಕೊಡ ನೀರು ಸೇದಿ, ಬೆರಳ ಸಂದಿಗಳನ್ನೆಲ್ಲ ತಿಕ್ಕಿ ತಿಕ್ಕಿ ತೊಳೆದಳು. ತೊಳೆದ ಕೈ ನೆಕ್ಕಿ ಉಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡು ತಿರುಗಿದಾಗ ಹಿತ್ತಲಲ್ಲಿ ಯಾರೂ ಇರಲಿಲ್ಲ. ಮನೆಯ ಬಾಗಿಲು ಮುಚ್ಚಿತ್ತು. ತಳ್ಳಿದಳು, ಒಳಗಿನಿಂದ ಅಗುಳಿ ಬಿದ್ದಿತ್ತು. ಒಳಗೆ ಮಗು ಅಳುತ್ತಿತ್ತು, ಹ್ವಾಸುನಮ್ಮ ಅದಕ್ಕೆ ಏನೋ ಹಾಡು ಹೇಳುತ್ತಿದ್ದಳು.

ಗ್ಯೂಸಿಕ್ ಗಂಟು ಹಿಡಿದುಕೊಂಡು ಬೀದಿಯ ಬಾಗಿಲಲ್ಲಿ ನಿಂತಿದ್ದ. ಬಸ್ಸಿಗೆ ಇನ್ನೂ ಹೊತ್ತಿದೆ, ಆದರೂ ಹೊರಡೋಣ ಎಂದ.