ಎತ್ತಿಕೊಟ್ಟ ಮಾತು

“ಹನ್ನೊಂದು,” ಎಂದ ಸಲಹೆಗಾರ. “ನೂರ ನಲವತ್ತು ಪ್ರದರ್ಶನ ಆಗಿದೆ. ಇಡೀ ವರ್ಷದಲ್ಲಿ ಹನ್ನೊಂದೇ ಸಲ, ಮೇಡಂ.”

ಮೇಜಿನ ಮೇಲೆ ಅತ್ತಿಗೆಯ ನೀಲಿ ರಟ್ಟಿನ ಪುಸ್ತಕ ತೆರೆದುಕೊಂಡಿತ್ತು. ಯಾವ ದಿನ, ಯಾವ ನಾಟಕ, ಯಾರು ಮಾತು ಮರೆತರು, ರಂಗದ ಪಕ್ಕದಿಂದ ಅವಳು ಯಾವ ಪದ ಪಿಸುಗುಟ್ಟಿ ಎತ್ತಿಕೊಟ್ಟದ್ದು, ಅವರು ತೆಗೆದುಕೊಂಡರೋ ಇಲ್ಲವೋ ಎಲ್ಲವೂ ಪೆನ್ಸಿಲ್ಲಿನ ಪುಟ್ಟ ಅಕ್ಷರಗಳಲ್ಲಿ. ಹೋದ ವಾರ ಈ ಸಲಹೆಗಾರ ಬಂದು “ನಿಮ್ಮ ಕೆಲಸ ಅರ್ಥ ಮಾಡ್ಕೋಬೇಕು” ಎಂದಿದ್ದ. ಮೂವತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದರಲ್ಲ ಎಂದು ಅತ್ತಿಗೆ ಆ ಪುಸ್ತಕದ ಧೂಳನ್ನು ಅಂಗೈಯಿಂದ ಒರೆಸಿ, ಎರಡೂ ಕೈಯಲ್ಲಿ ಕೊಟ್ಟಿದ್ದಳು.

“ಹನ್ನೊಂದೇ ಸಲ ಅಂದ್ರೆ?” ಎಂದಳು ನಾಟಕ ತಂಡದ ಮುಖ್ಯಸ್ಥೆ. ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಅಕ್ಕ ಎಂದೇ.

“ಅಂದ್ರೆ, ಉಳಿದ ದಿನವೆಲ್ಲ ಅವರು ಪಕ್ಕದಲ್ಲಿ ಸುಮ್ನೆ ಕೂತಿದ್ರು ಅಂತ.”

“ಬಾಗಿಲ ಹತ್ರ ಬೆಂಕಿ ಆರಿಸೋ ಸಿಲಿಂಡರ್ ನೇತಾಡ್ತಿದೆ ನೋಡಿ, ಅದು ಹತ್ತು ವರ್ಷದಿಂದ ಸುಮ್ನೆ ಇದೆ. ಅದನ್ನೂ ತೆಗೆಸ್ತೀರಾ?”

“ಅದಕ್ಕೆ ಕಾನೂನಿದೆ, ಮೇಡಂ,” ಎಂದು ಅವನು ನಕ್ಕ. ಕೆಟ್ಟವನೇನಲ್ಲ. ಅಕ್ಕನಿಗೆ ಇನ್ನಷ್ಟು ಉರಿಯುತ್ತಿದ್ದುದು ಅದಕ್ಕೇ. ಕೆಟ್ಟವನಾಗಿದ್ದರೆ ಬೈದಾದರೂ ಕಳಿಸಬಹುದಿತ್ತು. ಇವನು ಚಹಾ ಕುಡಿದ ಲೋಟವನ್ನು ತಾನೇ ತೊಳೆದಿಡುವ ಮನುಷ್ಯ.

ಅವನು ತಂದ ವ್ಯವಸ್ಥೆ ಇಷ್ಟೆ: ರಂಗದ ಅಂಚಿನಲ್ಲಿ ಪ್ರೇಕ್ಷಕರಿಗೆ ಕಾಣದ ಹಾಗೆ ಎರಡು ಪುಟ್ಟ ಪರದೆಗಳು. ನಟನ ಮಾತು ಅದರಲ್ಲಿ ತಾನಾಗಿ ಸರಿಯುತ್ತ ಹೋಗುತ್ತದೆ. ಮರೆತವನು ಕಣ್ಣು ಕೆಳಗಿಳಿಸಿದರೆ ಸಾಕು. ರಂಗಮಂದಿರ ಒಂದು ಮಂಡಳಿಯ ಕೈಯಲ್ಲಿತ್ತು, ಸಲಹೆಗಾರನನ್ನು ಕಳಿಸಿದ್ದೂ ಅದೇ. ಈ ಹೊಸ ವ್ಯವಸ್ಥೆಗೆ ಒಪ್ಪಿದ ತಂಡಕ್ಕೆ ಮಾತ್ರ ಮುಂದಿನ ಐದು ವರ್ಷ ಜಾಗ ಎಂದು ಮಂಡಳಿ ಕಾಗದ ಬರೆದಿತ್ತು. ತಂಡದಲ್ಲಿ ನಲವತ್ತು ಜನ. ಒಬ್ಬರು ಹೋಗಬೇಕು, ಇಲ್ಲವೇ ನಲವತ್ತೂ ಜನ ಬೀದಿಯಲ್ಲಿ.

ಅಕ್ಕ ಮಂಡಳಿಯ ಅಧ್ಯಕ್ಷರಿಗೆ ಫೋನ್ ಮಾಡಿ ಅರ್ಧ ಗಂಟೆ ವಾದ ಮಾಡಿದಳು. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

“ನೋಡಮ್ಮ, ಕಾಲ ಬದಲಾಗ್ತಿದೆ. ನಾವು ಹೇಳಿದ್ರೆ ಜನ ಬೇಜಾರು ಮಾಡ್ಕೋತಾರೆ. ನಿನ್ನ ಮಾತು ಕೇಳ್ತಾರೆ. ನೀನೇ ಹೇಳಿಬಿಡು.”

“ಕತ್ತಿ ನಿಮ್ಮದು, ಕೈ ಮಾತ್ರ ನಂದಾ?”

“ನಾಯಕತ್ವ ಅಂದ್ರೆ ಅದೇ ಅಲ್ವೇನಮ್ಮ,” ಎಂದರು ಅವರು.

ಫೋನಿಟ್ಟ ಮೇಲೆ ಅವಳು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು. ಪೆನ್ನು ಎಷ್ಟು ಒತ್ತಿದಳೆಂದರೆ ಕೆಳಗಿನ ಖಾಲಿ ಹಾಳೆಯ ಮೇಲೂ ಹೆಸರು ಮೂಡಿತ್ತು.

ಅತ್ತಿಗೆ ಎಂದರೆ ಅಕ್ಕನ ಸ್ವಂತ ಅಣ್ಣನ ಹೆಂಡತಿ. ತಂಡ ಕಟ್ಟಿದವನು ಆ ಅಣ್ಣ. ಅವನು ತೀರಿಕೊಂಡು ಏಳು ವರ್ಷವಾಗಿತ್ತು, ನಾದಿನಿ ಅತ್ತಿಗೆ ಇಬ್ಬರೂ ಒಂದೇ ಮನೆಯಲ್ಲಿದ್ದರು. ಆದರೆ ಅವಳು ಇಡೀ ತಂಡಕ್ಕೂ ಅತ್ತಿಗೆಯೇ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಬಡಗಿಯೂ ಹಾಗೆಯೇ ಕರೆಯುತ್ತಿದ್ದ. ರಂಗದ ಎಡಗಡೆಯ ಪಕ್ಕದಲ್ಲಿ ಅವಳದೊಂದು ಸ್ಟೂಲು. ಅದರ ಒಂದು ಕಾಲು ಗಿಡ್ಡ, ಕೂತರೆ ಟಕ್ ಎಂದು ವಾಲುತ್ತಿತ್ತು. “ಎಷ್ಟು ರಾಜರಿಗೆ ಸಿಂಹಾಸನ ಮಾಡ್ಕೊಟ್ಟೆ ಅತ್ತಿಗೆ, ನಿಮ್ಮ ಸ್ಟೂಲ್ ಒಂದು ಬಾಕಿ ಇದೆ, ನಾಳೆ ಮಾಡ್ತೀನಿ,” ಎನ್ನುವುದು ಬಡಗಿಯ ಎಷ್ಟೋ ವರ್ಷದ ಮಾತು. “ನಿನ್ನ ನಾಳೆಗೇ ಒಂದು ಕಾಲು ಗಿಡ್ಡ ಕಣಪ್ಪ,” ಎನ್ನುವುದು ಅವಳ ಉತ್ತರ.

ಅವಳ ಕೆಲಸಕ್ಕೊಂದು ಕ್ರಮವಿತ್ತು. ನಟ ನಿಂತ ಕೂಡಲೇ ಎತ್ತಿಕೊಡುತ್ತಿರಲಿಲ್ಲ. ಮೊದಲು ಅವನ ಕುತ್ತಿಗೆ ನೋಡುತ್ತಿದ್ದಳು. “ಮರೆತು ನಿಂತವನ ಕುತ್ತಿಗೆ ಬೇರೆ, ಬೇಕಂತ ನಿಂತವನ ಕುತ್ತಿಗೆ ಬೇರೆ,” ಎನ್ನುತ್ತಿದ್ದಳು. ಮರೆತದ್ದೇ ಹೌದಾದರೆ ಮೂರು ಉಸಿರು ಕಾಯುವುದು. ಆಮೇಲೆ ಮೊದಲ ಪದ, ಒಂದೇ ಒಂದು ಪದ. ಅದೂ ಕಾಗದದಲ್ಲಿ ಇದ್ದದ್ದು ಇದ್ದ ಹಾಗೆ. ಅಕ್ಕ ಹತ್ತೊಂಬತ್ತರ ಹುಡುಗಿಯಾಗಿ ಮೊದಲ ಸಲ ರಂಗಕ್ಕೆ ಬಂದು ಬಾಯಿ ಒಣಗಿ ನಿಂತಾಗ ಎಡಗಡೆಯಿಂದ ಬಂದದ್ದೂ ಅಂಥದೇ ಒಂದು ಪದ.

ಭಾನುವಾರ ಮನೆಯಲ್ಲಿ ಹೇಳಿಬಿಡಬೇಕೆಂದು ಅಕ್ಕ ಮೂರು ಸಲ ಅಡುಗೆಮನೆಗೆ ಹೋದಳು. ಮೊದಲ ಸಲ ನೀರು ಕುಡಿದು ಬಂದಳು, ಎರಡನೇ ಸಲ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದಳು.

“ಏನೇ ನಿಂದು?” ಎಂದಳು ಅತ್ತಿಗೆ ಮೂರನೇ ಸಲ. “ಮೊಟ್ಟೆ ಇಡೋ ಕೋಳಿ ಥರ ಸುತ್ತುಹಾಕ್ತಿದ್ದೀಯ.”

“ಏನಿಲ್ಲ ಅತ್ತಿಗೆ. ನಾಳೆ ಸಭೆ ಇದೆ. ಮಾತು ಬಾಯಿಪಾಠ ಮಾಡ್ತಿದ್ದೆ.”

ಅದು ಅಣ್ಣನ ಕಟ್ಟಳೆ: ಈ ರಂಗದ ಮೇಲೆ ಯಾರೂ ಕಾಗದ ನೋಡಿ ಓದುವಂತಿಲ್ಲ, ಪ್ರಕಟಣೆಯಾದರೂ ಸರಿ. ಅದರ ಜೊತೆಗೆ ಇನ್ನೊಂದು ಕಟ್ಟಳೆಯೂ ಇತ್ತು. ಅಕ್ಕನಿಗೆ ಅದು ನೆನಪಿಗೆ ಬಂದದ್ದು ಸೋಮವಾರ ಹತ್ತು ಗಂಟೆಗೆ, ಬಣ್ಣದ ಕೋಣೆಯ ಬಾಗಿಲು ತೆಗೆದು ಅತ್ತಿಗೆ ಒಳಗೆ ಬಂದಾಗ. ರಂಗದ ಮೇಲೆ ಆಡುವ ಯಾವ ಮಾತಿಗೂ ಒಂದು ಪ್ರತಿ ಎಡಗಡೆಯ ಸ್ಟೂಲಿಗೆ ಹೋಗಬೇಕು. ಇವತ್ತಿನ ಭಾಷಣದ ಎರಡು ಹಾಳೆಗಳನ್ನೂ ಆಫೀಸಿನ ಟೈಪಿಸ್ಟು ಎಂದಿನಂತೆ ಕಳಿಸಿದ್ದಳು. ಅದನ್ನು ಬೇಡ ಎನ್ನಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅತ್ತಿಗೆ ಎರಡನೇ ಹಾಳೆ ಮೇಲೆ ಮಾಡಿ ಹಿಡಿದಿದ್ದಳು. ಸಲಹೆಗಾರ ಹಿಂದಿರುಗಿಸಿದ್ದ ನೀಲಿ ಪುಸ್ತಕ ಕಂಕುಳಲ್ಲಿತ್ತು.

“‘ಮಾತು ಎತ್ತಿಕೊಡುವ ಹುದ್ದೆಯನ್ನು ಇಂದಿನಿಂದ ರದ್ದುಪಡಿಸಲಾಗಿದೆ.’” ಅವಳು ಓದಿದಳು. “ಯಾರು ರದ್ದುಪಡಿಸಿದ್ದು?”

“ಅತ್ತಿಗೆ, ನಾನು ನಿನ್ನೆನೇ…”

“ನಿನ್ನೆ ಉಪ್ಪಿನ ಡಬ್ಬಿ ಕೇಳಿದೆ. ಈಗ ನಾನು ಕೇಳ್ತಿರೋದಕ್ಕೆ ಹೇಳು. ಒಂಬತ್ತನೇ ಕ್ಲಾಸು ಓದಿದೋಳು ನಾನು. ವಾಕ್ಯ ಅಂದ್ಮೇಲೆ ಕರ್ತೃ ಇರ್ಬೇಕು ಅಂತ ಹೇಳಿಕೊಟ್ಟಿದ್ರು. ಇಲ್ಲಿ ಯಾರೂ ಇಲ್ಲ. ತಾನಾಗಿ ಗಾಳಿ ಬೀಸ್ತು, ಹುದ್ದೆ ಹಾರೋಯ್ತು, ಹಾಗಿದೆ ಇದು.”

“ನಲವತ್ತು ಜನ ಇದಾರೆ ಅತ್ತಿಗೆ. ಬೇರೆ ದಾರಿ ಇರ್ಲಿಲ್ಲ.”

“ಇರ್ಲಿಲ್ಲ ಅನ್ನು, ಒಪ್ಕೋತೀನಿ. ಮನೆಗೆ ಹೋಗು ಅನ್ನು, ಹೋಗ್ತೀನಿ. ನನಗೇನು ಈ ಸ್ಟೂಲ್ ಮೇಲೇ ಪ್ರಾಣ ಬಿಡ್ಬೇಕು ಅಂತಿಲ್ಲ. ಆದ್ರೆ ಮುಖ ಇಲ್ಲದ ಮಾತು ಆಡ್ಬೇಡ. ನನ್ನ ಪುಸ್ತಕ ಇಸ್ಕೊಂಡು ನನ್ನನ್ನೇ ಎಣಿಸಿದ್ರಿ. ಈಗ ಅದನ್ನ ಹೇಳೋಕೆ ಒಬ್ಬರಿಗೂ ‘ನಾನು’ ಅನ್ನೋ ಬಾಯಿಲ್ಲ.”

ಬಾಗಿಲು ಹಾಕಿಕೊಂಡು ಹೋದಳು. ಮೆಲ್ಲಗೇ ಹಾಕಿದಳು. ಮೂವತ್ತು ವರ್ಷ ರಂಗದ ಪಕ್ಕದಲ್ಲಿ ಕಳೆದವರು ಕೋಪದಲ್ಲೂ ಸದ್ದು ಮಾಡುವುದಿಲ್ಲ.

ಹನ್ನೊಂದಕ್ಕೆ ಎಲ್ಲರೂ ಕುರ್ಚಿಗಳಲ್ಲಿ ಕೂತಿದ್ದರು. ಮೊದಲ ಸಾಲಿನಲ್ಲಿ ಸಲಹೆಗಾರ, ತೊಡೆಯ ಮೇಲೆ ಪ್ರತಿ. ಎರಡನೇ ಸಾಲಿನಲ್ಲಿ ಬಡಗಿ, ಕಿವಿಯ ಮೇಲೆ ಅರ್ಧ ಪೆನ್ಸಿಲು. ಅಕ್ಕ ಬರಿಗೈಯಲ್ಲಿ ರಂಗದ ನಡುವೆ ಬಂದು ನಿಂತಳು. ಎಡಗಡೆಯಿಂದ ಟಕ್ ಎಂಬ ಸದ್ದು ಬಂತು. ಅತ್ತಿಗೆ ಕೂತಿದ್ದಳು.

ಮೊದಲ ಹಾಳೆ ಸಲೀಸಾಗಿ ಹೋಯಿತು. ಕಾಲದ ಬಗ್ಗೆ, ಹೊಸ ಪ್ರೇಕ್ಷಕರ ಬಗ್ಗೆ, ಹೊಂದಿಕೊಳ್ಳುವ ಬಗ್ಗೆ. ಯಾರೋ ಆಕಳಿಸಿದರು. “ಈ ಬದಲಾವಣೆಯ ಅಂಗವಾಗಿ…” ಎಂದು ಅಕ್ಕ ನಿಂತಳು. ಮುಂದಿನ ಪ್ರತಿ ಅಕ್ಷರವೂ ಅವಳಿಗೆ ಕಣ್ಣ ಮುಂದಿತ್ತು. ಬಾಯಿ ಮಾತ್ರ ತೆರೆಯಲಿಲ್ಲ.

ಒಂದು ಉಸಿರು. ಎರಡು. ಮೂರು.

“ನಾನು,” ಎಂದಿತು ಎಡಗಡೆಯ ಪಿಸುದನಿ.

ಆ ಪದ ಕಾಗದದಲ್ಲಿರಲಿಲ್ಲ. ಮೂವತ್ತು ವರ್ಷದಲ್ಲಿ ಅತ್ತಿಗೆ ಇಲ್ಲದ ಪದವನ್ನು ಯಾರಿಗೂ ಎತ್ತಿಕೊಟ್ಟವಳಲ್ಲ. ಮರೆಯದೆ ನಿಂತವರಿಗೆ ಎತ್ತಿಕೊಟ್ಟವಳೂ ಅಲ್ಲ.

“ನಾನು.” ಈ ಸಲ ಎರಡನೇ ಸಾಲಿಗೂ ಕೇಳಿಸಿತು. ಬಡಗಿ ಕತ್ತೆತ್ತಿದ.

“ನಾನು,” ಎಂದಳು ಅಕ್ಕ. “ನಾನು ಒಂದು ಕಾಗದಕ್ಕೆ ಸಹಿ ಹಾಕಿದ್ದೀನಿ. ಅತ್ತಿಗೆ ಇನ್ಮೇಲೆ ಬೇಡ ಅಂತ. ಓದಿಯೇ ಹಾಕಿದ್ದೀನಿ. ಒಂದೇ ತಟ್ಟೇಲಿ ಉಣ್ಣೋ ಅತ್ತಿಗೆಗೆ ಹೇಳದೆ ಹಾಕಿದ್ದೀನಿ.”

ಸಲಹೆಗಾರ ತೊಡೆಯ ಮೇಲಿನ ಪ್ರತಿಯ ಹಾಳೆ ತಿರುವಿದ.

“ಮೇಡಂ,” ಅವನು ಮೆಲ್ಲಗೆ ಹೇಳಿದ, “ಪ್ರತಿಯಲ್ಲಿ ಹಾಗಿಲ್ಲ. ಮುಂದಿನ ಸಾಲು ‘ಎಲ್ಲರೂ ಮನಸಾರೆ ಒಪ್ಪಿರುವ’ ಅಂತ ಶುರುವಾಗುತ್ತೆ.”

“ಗೊತ್ತು. ಅದು ನಂಗೆ ಬರಲ್ಲ.”

“ಮರೆತಿದ್ರೆ ನಾನು ಹೇಳ್ತೀನಿ…”

“ಮರೆತಿಲ್ಲಪ್ಪ, ಬರಲ್ಲ ಅಂದೆ. ನಿಮ್ಮ ಅಧ್ಯಕ್ಷರಿಗೆ ಹೇಳಿ. ನಮ್ಮ ಮನೆ ಮಂದಿ ಮೇಲೆ ಕತ್ತಿ ಬೀಸೋಕೆ ನನ್ನ ಕೈಯೇ ಬೇಕು ಅಂದ್ರಲ್ಲ, ಆ ಕೈಯೇ ಈಗ ಆ ಸಹಿನ ಹೊಡೆದುಹಾಕ್ತಿದೆ ಅಂತ. ಹಾಕಿದ್ದೂ ನಾನೇ, ಹೊಡೆದುಹಾಕ್ತಿರೋದೂ ನಾನೇ.” ಅವಳು ತಂಡದ ಕಡೆ ತಿರುಗಿದಳು. “ನಾಳೆ ಈ ಬಾಗಿಲಿಗೆ ಬೀಗ ಬಿದ್ರೆ ಮಂಡಳಿಯನ್ನ ಬೈಬೇಡಿ. ನನ್ನನ್ನೇ ಬೈರಿ.”

ನಲವತ್ತು ಮುಖಗಳಲ್ಲಿ ಕೆಲವು ಅವಳನ್ನು ನೋಡುತ್ತಿದ್ದವು, ಕೆಲವು ನೆಲವನ್ನು.

“ಬೈತೀವಿ ಬಿಡಿ ಅಕ್ಕ,” ಎಂದ ಬಡಗಿ ಕೊನೆಗೆ. “ಅದಕ್ಕೇನು.”

ಸಲಹೆಗಾರ ಫೋನ್ ಹಿಡಿದು ಹೊರಗೆ ಹೋದ. ಗಾಜಿನ ಬಾಗಿಲಾಚೆ ಅವನು ಅತ್ತಿಂದಿತ್ತ ಓಡಾಡುತ್ತ ತಲೆಯಾಡಿಸುತ್ತಿರುವುದು ಕಾಣುತ್ತಿತ್ತು.

ಅಕ್ಕ ಎಡಗಡೆ ನೋಡಿದಳು. ಅತ್ತಿಗೆ ಅವಳನ್ನು ನೋಡಲಿಲ್ಲ, ನಗಲೂ ಇಲ್ಲ. ತುರುಬಿನಿಂದ ಪೆನ್ಸಿಲು ತೆಗೆದು ನೀಲಿ ಪುಸ್ತಕದಲ್ಲಿ ಹನ್ನೊಂದರ ಕೆಳಗೆ ಹನ್ನೆರಡು ಎಂದು ಬರೆದಳು. ದಿನ, ಹೆಸರು, ಪದ ಎಲ್ಲ ತುಂಬಿದಳು. ‘ತೆಗೆದುಕೊಂಡರೋ’ ಎಂಬ ಕೊನೆಯ ಮನೆಯ ಮುಂದೆ ಒಂದು ಗಳಿಗೆ ತಡೆದು, ಹೌದು ಎಂದು ಒಂದು ಚಿಕ್ಕ ಗೆರೆ ಎಳೆದಳು. ಆಮೇಲೆ ಭಾಷಣದ ಎರಡೂ ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ, ಬಗ್ಗಿ, ಸ್ಟೂಲಿನ ಗಿಡ್ಡ ಕಾಲಿನಡಿಗೆ ತುರುಕಿದಳು.

ಮಧ್ಯಾಹ್ನದ ನಾಟಕದ ಪುಸ್ತಕದ ಮೊದಲ ಪುಟ ತೆಗೆದು ಅವಳು ಕೂತಳು. ಸ್ಟೂಲು ಸದ್ದು ಮಾಡಲಿಲ್ಲ.