‘ಪಾಲಿಶ್’ ಅಂದರೆ ಏನು ಅಂತ ಅಮ್ಮನಿಗೆ ಗೊತ್ತಿತ್ತು

ಹತ್ತು ದಿನದ ರಜೆ ಮುಗಿಯೋಕೆ ಇನ್ನೂ ಮೂರು ದಿನ ಇತ್ತು. ಆಗಲೇ ಪುಟ್ಟಿಗೆ ಹೊಟ್ಟೆನೋವು ಶುರುವಾಯಿತು. ಊಟ ಸೇರಲ್ಲ, ಮಾತಿಲ್ಲ. ಅಟ್ಟದ ಮೇಲಿಂದ ಟ್ರಂಕು ಇಳಿಸಿದ್ದೇ ತಡ, ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು.

"ಎಲ್ಲ ನಾಟಕ," ಅಂದರು ಅಮ್ಮ. "ಮನೇಲಿ ಹಾಯಾಗಿದ್ದು ಅಭ್ಯಾಸ ಆಗಿದೆ. ಹಾಸ್ಟೆಲಿಗೆ ಹೋದ್ರೆ ತಾನಾಗೇ ಸರಿಹೋಗತ್ತೆ."

ಪುಟ್ಟಿಗೆ ಹನ್ನೆರಡು ವರ್ಷ. ಅವಳು ಓದ್ತಿದ್ದದ್ದು ದೊಡ್ಡ ಹೆಸರಿನ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ. ಅಲ್ಲಿ ಸೀಟು ಸಿಗೋದೇ ಕಷ್ಟ. ಅಮ್ಮನೂ ಅಲ್ಲೇ ಓದಿದವರು. ಈಗ ಅವರದು ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ, ಅದರ ಮೇಲೇ ಮನೆ. ಅಂಗಡಿ ಗೋಡೆಯ ಮೇಲೆ ಶಾಲೆಯ ಹಳೇ ಗ್ರೂಪ್ ಫೋಟೋ ತೂಗುಹಾಕಿದ್ದರು. ಬಂದವರಿಗೆಲ್ಲ ತೋರಿಸೋರು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ಆ ಸ್ಕೂಲಿನ ವಿಷಯ ನಿಮ್ಮಮ್ಮನಿಗೇ ಗೊತ್ತು" ಅಂತ ಅವರು ಅದಕ್ಕೆ ತಲೆ ಹಾಕುತ್ತಿರಲಿಲ್ಲ.

ಆವತ್ತು ಮಧ್ಯಾಹ್ನ ಅಮ್ಮ ಪುಟ್ಟಿಯ ಕನ್ನಡಕ ರಿಪೇರಿಗೆ ಕೂತಿದ್ದರು. ಈ ವರ್ಷ ಇದು ಮೂರನೇದು. ಎದುರು ಮನೆಯ ನರ್ಸಕ್ಕ ತಮ್ಮ ಕನ್ನಡಕದ ಸ್ಕ್ರೂ ಬಿಗಿಸಿಕೊಳ್ಳೋಕೆ ಬಂದರು. ಕೆಲಸದಿಂದ ನಿವೃತ್ತಿ ಆಗಿ ಆರು ವರ್ಷ ಆದರೂ ಬೀದಿಗೆಲ್ಲ ಅವರು ನರ್ಸಕ್ಕನೇ.

"ಇದೇನು, ಬಿದ್ದು ಮುರೀತಾ?" ಅಂತ ಫ್ರೇಮು ಕೈಗೆತ್ತಿಕೊಂಡರು.

"ಹೂಂ. ಮೆಟ್ಟಿಲಿಂದ ಬಿತ್ತಂತೆ."

"ದಿನಕ್ಕೆ ಹತ್ತು ಕನ್ನಡಕ ರಿಪೇರಿ ಮಾಡೋಳು ನೀನು. ಬಿದ್ದದ್ದು ಯಾವುದು, ತುಳಿದದ್ದು ಯಾವುದು ಅಂತ ನಿಂಗೆ ನಾನು ಹೇಳ್ಬೇಕೇನೆ?"

ಫ್ರೇಮಿನ ಎರಡು ಕಡ್ಡಿಯೂ ಹೊರಕ್ಕೆ ಬಾಗಿದ್ದವು. ಗಾಜಿನ ಮೇಲೆ ಶೂ ಅಡಿಯ ಗೀರುಗಳಿದ್ದವು. ಪುಟ್ಟಿ ರಜೆಗೆ ಬಂದ ಮೊದಲ ದಿನವೇ ಇದು ಅಮ್ಮನ ಕಣ್ಣಿಗೆ ಬಿದ್ದಿತ್ತು. ನೋಡಿಯೂ ನೋಡದ ಹಾಗೆ ಇದ್ದುಬಿಟ್ಟಿದ್ದರು.

ನರ್ಸಕ್ಕ ಪುಟ್ಟಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಪುಟ್ಟಿ, ನಿಂದೇ ತಪ್ಪು ಅಂತ ಇಲ್ಲಿ ಯಾರೂ ಅನ್ನಲ್ಲ. ನಿಂಗೆ ಎಷ್ಟು ಹೇಳ್ಬೇಕು ಅನ್ಸತ್ತೋ ಅಷ್ಟೇ ಹೇಳು."

ಪುಟ್ಟಿ ಅಂಗಿಯ ಎರಡೂ ತೋಳು ಮೇಲಕ್ಕೆ ಮಡಚಿದಳು. ಮೊಣಕೈ ತುಂಬಾ ಗಾಯ, ಹಕ್ಕಳೆಯ ಮೇಲೆ ಹಕ್ಕಳೆ.

"ಪಾಲಿಶ್ ಅಂತಾರೆ," ಅಂದಳು. "ಭಾನುವಾರ ಊಟ ಆದ್ಮೇಲೆ ದೊಡ್ಡ ಕ್ಲಾಸಿನ ಅಕ್ಕಂದಿರು ವರಾಂಡದ ಕೊನೇಲಿ ಶೂ ಸಾಲಾಗಿ ಇಡ್ತಾರೆ. ನಮ್ಮ ಕನ್ನಡಕ ಕಿತ್ಕೋತಾರೆ. ಮೊಣಕೈ ಮೇಲೆ ತೆವಳ್ಕೊಂಡು ಹೋಗಿ, ಮೂಸಿ, ಯಾವ ಶೂ ಯಾರದು ಅಂತ ಹೇಳ್ಬೇಕು. ತಪ್ಪಾದ್ರೆ ಮತ್ತೆ ಮೊದಲಿಂದ. ಅತ್ರೆ ಕನ್ನಡಕ ತುಳೀತಾರೆ. ಹೋದ ತಿಂಗಳು ಒಬ್ಬಳಿಗೆ ಉಸಿರು ಕಟ್ಟಿತು. ವಾರ್ಡನ್ ಬಾಗಿಲ ಹತ್ರ ಬಂದು, 'ಸದ್ದು ಕಮ್ಮಿ ಮಾಡ್ರೇ' ಅಂದು ಹೊರಟುಹೋದ್ರು."

"ನಮ್ಮ ಕಾಲದಲ್ಲೂ ಇತ್ತು ಕಣೆ," ಅಂದರು ಅಮ್ಮ. ದನಿ ಸಣ್ಣಗಾಗಿತ್ತು. "ಒಂದು ವರ್ಷ ಅಷ್ಟೇ. ಆಮೇಲೆ ಗಟ್ಟಿಯಾಗ್ತಾರೆ..."

ಪುಟ್ಟಿ ತಲೆ ಎತ್ತಿದಳು. "ನಿಂಗೆ ಗೊತ್ತಿತ್ತಾ ಅಮ್ಮ?"

ಅಮ್ಮ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಗೊತ್ತಿದ್ದೂ ಕಳಿಸಿದ್ಯಾ?"

ಅಮ್ಮ ಎದ್ದು ಹೋಗಿ ಅಂಗಡಿಯ ಶಟರ್ ಅರ್ಧ ಎಳೆದರು. ವಾಪಸ್ ಬಂದು ಮಗಳ ಮುಂದೆ ನೆಲದ ಮೇಲೆ ಕೂತರು. "ಗೊತ್ತಿತ್ತು. ಅಷ್ಟೇ ಅಲ್ಲ ಪುಟ್ಟಿ. ಆರನೇ ಕ್ಲಾಸಲ್ಲಿ ನಾನು ತೆವಳಿದೆ. ಒಂಬತ್ತನೇ ಕ್ಲಾಸಲ್ಲಿ ಕೈಯಲ್ಲಿ ವಾಚ್ ಹಿಡ್ಕೊಂಡು, ಎಷ್ಟು ನಿಮಿಷ ಆಯ್ತು ಅಂತ ಎಣಿಸ್ತಾ, ಬೇರೆ ಮಕ್ಕಳನ್ನ ತೆವಳಿಸಿದೆ. ಒಬ್ಬಳು ಇದ್ಳು, ಗುಬ್ಬಿ ಅಂತಿದ್ವಿ. ಮಾತು ತೊದಲೋಳು. ಶೂ ಯಾರದು ಅಂತ ಹೇಳೋಕೆ ಅವಳ ಬಾಯಿಂದ ಹೆಸರೇ ಹೊರಡ್ತಿರಲಿಲ್ಲ. ನಾವು ನಕ್ವಿ. ವರ್ಷದ ಮಧ್ಯದಲ್ಲೇ ಸ್ಕೂಲು ಬಿಟ್ಟು ಹೋದ್ಳು. ಪುಕ್ಕಲಿ ಅಂದ್ಕೊಂಡ್ವಿ."

ನರ್ಸಕ್ಕ ಬಯ್ಯಲಿಲ್ಲ. "ನಾನೂ ಒಂದು ಹಾಸ್ಟೆಲಿನ ಸಿಕ್ ರೂಮಲ್ಲಿ ಹತ್ತೊಂಬತ್ತು ವರ್ಷ ಇದ್ದೆ," ಅಂದರು. "ಒಂದು ಹುಡುಗಿ ಕಿವಿಯಿಂದ ರಕ್ತ ಸುರೀತಿತ್ತು. 'ಜಾರಿ ಬಿದ್ಳು ಅಂತ ಬರಿ' ಅಂದ್ರು ಮೇಲಿನವರು. ಬರೆದೆ. ಆ ಮಗುವಿಗೆ ಆ ಕಿವಿ ಮತ್ತೆ ಕೇಳಿಸಲಿಲ್ಲ. ಹೊಡೆದವರಷ್ಟೇ ಅಲ್ಲ ಕಣೆ, ಸುಳ್ಳು ಬರೆದ ನಾನೂ ಅದರಲ್ಲಿ ಪಾಲುದಾರಳೇ."

ಸಂಜೆ ಅಪ್ಪ ಡಿಪೋದಿಂದ ಬಂದರು. ಎಲ್ಲ ಕೇಳಿದರು. ಮಗಳ ಕೈ ಹಿಡಿಯೋಕೆ ಹೋಗಿ, ತಮ್ಮ ಕೈಯ ಗ್ರೀಸ್ ನೋಡಿ ಹಿಂದಕ್ಕೆ ತಗೊಂಡರು.

"ದೊಡ್ಡವರ ಸ್ಕೂಲು ಅಕ್ಕ. ನಮ್ಮ ಮಾತು ಯಾರು ಕೇಳ್ತಾರೆ? ಸದ್ದಿಲ್ಲದೆ ಟಿ.ಸಿ. ತಗೊಂಡು ಬಂದ್ಬಿಡೋಣ."

"ನಿಮ್ಮ ಮಗಳು ಆಚೆ ಬರ್ತಾಳೆ, ಸರಿ. ಅವಳ ಮಂಚಕ್ಕೆ ಮುಂದಿನ ವರ್ಷ ಇನ್ನೊಂದು ಮಗು ಬರತ್ತಲ್ಲ?" ಅಂದರು ನರ್ಸಕ್ಕ. "ನಾಳೆ ಮೊದಲು ಡಾಕ್ಟರ ಹತ್ರ ಹೋಗಿ. ಗಾಯ ತೋರಿಸಿ, ಚೀಟಿ ಬರೆಸ್ಕೊಳ್ಳಿ. ದಿನಾಂಕ ಕಾಣೋ ಹಾಗೆ ಫೋಟೋ ತೆಗೀರಿ. ಪುಟ್ಟಿ ಹೇಳಿದ್ದನ್ನ ಅವಳ ಮಾತಲ್ಲೇ ಬರೆದಿಡಿ, ನೀವು ಸೇರಿಸ್ಬೇಡಿ. ಮತ್ತೆ ಮತ್ತೆ ಕೆದಕಿ ಕೇಳ್ಬೇಡಿ. ದೂರನ್ನ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲೇ ಕೊಡಿ. ಒಂದು ಪ್ರತಿಗೆ ಸೀಲು ಹಾಕಿಸ್ಕೊಳ್ಳದೆ ಅವರ ಮುಂದಿನ ಕುರ್ಚಿ ಬಿಟ್ಟು ಏಳ್ಬೇಡಿ. ಅವರು ಕೇಳದಿದ್ರೆ ಮಕ್ಕಳ ಸಹಾಯವಾಣಿ ಇದೆ, ಪೊಲೀಸರಿದಾರೆ. ಅಲ್ಲೀವರೆಗೂ ಮಗು ಮನೇಲೇ ಇರಲಿ."

ಸೋಮವಾರ ಅಪ್ಪ, ಅಮ್ಮ, ನರ್ಸಕ್ಕ ಮೂವರೂ ಪ್ರಿನ್ಸಿಪಾಲರ ಕೋಣೆಗೆ ಹೋದರು. ಪುಟ್ಟಿಯನ್ನು ಅಪ್ಪನ ತಂಗಿಯ ಹತ್ತಿರ ಬಿಟ್ಟಿದ್ದರು.

ಪ್ರಿನ್ಸಿಪಾಲರು ನಗುತ್ತಾ, "ನೀವು ನಮ್ಮ ಹಳೇ ವಿದ್ಯಾರ್ಥಿನಿ. ನಮ್ಮ ಸಂಪ್ರದಾಯ ನಿಮಗೆ ಹೇಳ್ಬೇಕಾ? ಮಕ್ಕಳಾಟ. ಒಂದು ಸಾರಿ ವಿಚಾರಿಸ್ತೀನಿ. ಹೊರಗೆ ಗೊತ್ತಾದ್ರೆ ಶಾಲೆಯ ಹೆಸರು..." ಅಂದರು.

ಅಮ್ಮ ಎರಡು ಕಾಗದ ಮೇಜಿನ ಮೇಲಿಟ್ಟರು. "ಒಂದು ನನ್ನ ಮಗಳ ದೂರು. ಇನ್ನೊಂದು, ಇದೇ ವರಾಂಡದಲ್ಲಿ ನಾನು ಮಾಡಿದ ತಪ್ಪು. ನನ್ನ ಸಹಿ ಇದೆ. ಮಕ್ಕಳಾಟ ಆಗಿದ್ರೆ ಇಷ್ಟು ವರ್ಷ ನಾನು ಯಾಕೆ ಮುಚ್ಚಿಡ್ತಿದ್ದೆ ಮೇಡಂ?"

ಸೀಲು ಇಲ್ಲ, ಗುಮಾಸ್ತರಿಲ್ಲ, ನಾಳೆ ಬನ್ನಿ ಅಂದರು ಪ್ರಿನ್ಸಿಪಾಲರು. "ಪರವಾಗಿಲ್ಲ, ಕಾಯ್ತೀವಿ" ಅಂತ ಮೂವರೂ ಕೂತರು. ಎರಡು ಗಂಟೆ ಆದ ಮೇಲೆ ಸೀಲು ಸಿಕ್ಕಿತು.

ಹತ್ತು ದಿನ ಕಾದರೂ ಶಾಲೆಯಿಂದ ಸುದ್ದಿ ಇಲ್ಲ. ಅಪ್ಪನೇ ಸಹಾಯವಾಣಿಗೆ ಫೋನ್ ಮಾಡಿದರು. ಅವರ ಕಡೆಯಿಂದ ಅಧಿಕಾರಿಗಳು ಶಾಲೆಗೆ ವಿಚಾರಣೆಗೆ ಬಂದರು. ಮಕ್ಕಳನ್ನು ಒಬ್ಬೊಬ್ಬರನ್ನೇ, ಬೇರೆಯಾಗಿ ಮಾತಾಡಿಸಿದರು. ಹದಿನಾಲ್ಕು ಹುಡುಗಿಯರು ತೋಳು ಮಡಚಿ ತೋರಿಸಿದರು. ವಾರ್ಡನ್ ಕೆಲಸ ಹೋಯಿತು. ದೂರು ಅದುಮಿಟ್ಟ ಪ್ರಿನ್ಸಿಪಾಲರೂ ಉತ್ತರ ಕೊಡಬೇಕಾಯಿತು. ನಾಲ್ವರು ದೊಡ್ಡ ಹುಡುಗಿಯರನ್ನು ಮನೆಗೆ ಕಳಿಸಿದರು. ಅವರಲ್ಲಿ ಇಬ್ಬರು, ತಾವೂ ಹೀಗೇ ತೆವಳಿದ್ದನ್ನು ಹೇಳಿ ಅತ್ತರಂತೆ.

ಪುಟ್ಟಿ ಅಲ್ಲಿಗೆ ವಾಪಸ್ ಹೋಗಲಿಲ್ಲ. ಹತ್ತಿರದ ಶಾಲೆಗೆ ನಡೆದು ಹೋಗ್ತಾಳೆ. ಅಮ್ಮನ ಜೊತೆ ಮೊದಲಿನ ಹಾಗೆ ಮಾತಾಡೋಕೆ ಅವಳಿಗೆ ತಿಂಗಳುಗಳೇ ಬೇಕಾದವು. ಅಮ್ಮ ಅವಸರ ಮಾಡಲಿಲ್ಲ.

ಗುಬ್ಬಿಯ ನಂಬರನ್ನು ಅಮ್ಮ ಯಾರ್‍ಯಾರನ್ನೋ ಕೇಳಿ ಹುಡುಕಿದರು. ಫೋನ್ ಮಾಡಿ ತಪ್ಪೊಪ್ಪಿಕೊಂಡರು. "ಕ್ಷಮಿಸ್ತೀನೋ ಇಲ್ವೋ ನಂಗೇ ಗೊತ್ತಿಲ್ಲ. ಆದ್ರೆ ಅದು ನಿಜವಾಗ್ಲೂ ನಡೀತು ಅಂತ ಯಾರಾದ್ರೂ ಒಬ್ರು ಹೇಳ್ಬೇಕಿತ್ತು," ಅಂದರು ಆಕೆ. ಒಂದು ಮಾತೂ ತೊದಲಲಿಲ್ಲ.

ಇದನ್ನು ಕೇಳುತ್ತಿರುವ ಅಪ್ಪ, ಅಮ್ಮಂದಿರೇ, ನಿಮ್ಮ ಮಗುವೂ ಹಾಸ್ಟೆಲಿನಲ್ಲಿದೆಯಾ? ಈ ವಾರ ಫೋನ್ ಮಾಡಿದಾಗ ಮಾರ್ಕ್ಸ್ ಎಷ್ಟು ಅಂತ ಆಮೇಲೆ ಕೇಳಿ. ಅಲ್ಲಿ ಯಾರನ್ನ ಕಂಡರೆ ಭಯ ಆಗತ್ತೆ ಅಂತ ಮೊದಲು ಕೇಳಿ. ಮಗು ಹೇಳಿದರೆ ನಂಬಿ. ಶಾಲೆ ಎಷ್ಟೇ ದೊಡ್ಡದಿರಲಿ, ಬರೆದು ಕೊಟ್ಟು ಉತ್ತರ ಕೇಳಿ. ನೀವೇ ಒಂದು ಕಾಲದಲ್ಲಿ ನಕ್ಕವರ ಸಾಲಿನಲ್ಲಿ ನಿಂತಿದ್ದರೆ, ಅದನ್ನೂ ಹೇಳಿ. ನೀವು ಬಾಯಿ ಬಿಟ್ಟರೆ, ಈ ಭಾನುವಾರ ಯಾವುದೋ ಒಂದು ಮಗು ನೆಲದಿಂದ ಎದ್ದು ನಿಲ್ಲಬಹುದು.