ಬಾಯಲ್ಲಿದ್ದ ಗುಂಡುಸೂಜಿಗಳು

ನಮ್ಮ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಎರಡು ಯಂತ್ರಗಳಿವೆ. ಒಂದು ಅತ್ತೆಯದು. ಇನ್ನೊಂದು ನನ್ನ ಗಂಡನದು. ಹೋದ ವರ್ಷದಿಂದ ಅದಕ್ಕೆ ಬಟ್ಟೆ ಹೊದಿಸಿದೆ.

ಅಳತೆ ಸರಿಮಾಡುವಾಗ ಅತ್ತೆ ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದರು. ಮೂವತ್ತು ವರ್ಷದ ರೂಢಿ. ಅಷ್ಟು ಹೊತ್ತಾದರೂ ಬೈಗುಳ ತಪ್ಪಿತು ಎಂದು ಗಿರಾಕಿಗಳು ನಗುತ್ತಿದ್ದರು. ನಾಲಿಗೆಯ ಬದಿಯಲ್ಲಿ ಹುಣ್ಣಾದಾಗ ಸೂಜಿ ತಾಗಿದೆ ಎಂದರು ಅತ್ತೆ. ನಾನೂ ಹೌದೆಂದೆ. ಎರಡು ತಿಂಗಳಾದರೂ ಮಾಯಲಿಲ್ಲ. ಅವರು ಸೂಜಿಗಳನ್ನು ಬಲಗಡೆಯಿಂದ ಎಡಗಡೆಗೆ ದಾಟಿಸಿದರು, ಅಷ್ಟೆ.

ಅದು ಕಣ್ಣಿಗೆ ಬಿದ್ದದ್ದು ಪಕ್ಕದ ಬೀದಿಯ ನರ್ಸಮ್ಮನಿಗೆ. ಸಮವಸ್ತ್ರದ ಅಂಚು ಮೇಲೆತ್ತಿಸಲು ಬಂದಿದ್ದರು. ಸೂಜಿಗಳು ಪಕ್ಕ ಬದಲಿಸಿದ್ದೇಕೆ ಎಂದು ಕೇಳಿದರು. ಕಾರಣ ಹೇಳಿದೆ. ಅತ್ತೆಯನ್ನು ಕಿಟಕಿಯ ಬಳಿ ಕೂರಿಸಿ ಬಾಯಿ ತೆರೆಸಿ ನೋಡಿದರು. ಇದು ಕ್ಯಾನ್ಸರೂ ಆಗಿರಬಹುದು, ನಾಳೆಯೇ ಆಸ್ಪತ್ರೆಗೆ ಹೋಗೋಣ ಎಂದರು.

ಅತ್ತೆ ಒಪ್ಪಲಿಲ್ಲ. ತಂಬಾಕು ಮುಟ್ಟಿದವಳಲ್ಲ, ತನಗೇಕೆ ಅಂಥ ಕಾಯಿಲೆ ಎಂದು ವಾದಿಸಿದರು.

“ವಯಸ್ಸೂ ಒಂದು ಕಾರಣವೇ ಅಮ್ಮ,” ಎಂದರು ನರ್ಸಮ್ಮ.

ನಮ್ಮ ಬಹುತೇಕ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ ಎಂಬ ಪುಟ್ಟ ಮೋಟಾರುಗಳಿವೆಯಂತೆ. ತಿಂದ ಅನ್ನವನ್ನು ಶಕ್ತಿಯಾಗಿಸುವುದು ಅವೇ. ವರ್ಷ ಕಳೆದಂತೆ ಅವು ಸವೆಯುತ್ತವೆ. ಹಳೆಯ ಮೋಟಾರಿನಂತೆ ಕಿಡಿ ಕಾರುತ್ತವೆ. ಆ ಕಿಡಿ ತಾಗಿ ಜೀವಕೋಶದ ನಮೂನೆ ಕಾಗದ, ಅಂದರೆ ಡಿಎನ್‌ಎ, ಅಲ್ಲಲ್ಲಿ ಸುಡಬಹುದು.

“ಸುಟ್ಟ ನಮೂನೆ ಇಟ್ಟು ಬಟ್ಟೆ ಕತ್ತರಿಸಿದ್ರೆ?” ಎಂದು ಕೇಳಿದರು ನರ್ಸಮ್ಮ.

“ಕುಪ್ಪಸಕ್ಕೆ ಮೂರು ತೋಳು ಬರುತ್ತೆ,” ಎಂದರು ಅತ್ತೆ.

ಕೆಟ್ಟ ಜೀವಕೋಶವನ್ನು ನಿಲ್ಲಿಸುವ ಕೆಲಸದಲ್ಲೂ ಈ ಮೋಟಾರುಗಳ ಪಾಲಿದೆಯಂತೆ. ಅವೇ ಸೋತರೆ ಕೆಲವೊಮ್ಮೆ ಆ ಕೋಶ ನಿಲ್ಲದೆ ಬೆಳೆಯುತ್ತದೆ. ಕ್ಯಾನ್ಸರ್ ಹೀಗೂ ಶುರುವಾಗಬಹುದು. ವಯಸ್ಸಾದವರಿಗೆಲ್ಲ ಬರುವುದಿಲ್ಲ. ಆದರೆ ವಯಸ್ಸಾದಂತೆ ಕಣ್ಣಿಟ್ಟಿರಬೇಕು ಎಂದರು ನರ್ಸಮ್ಮ.

ಅತ್ತೆ ಬಟ್ಟೆ ಹೊದಿಸಿದ ಯಂತ್ರದ ಕಡೆ ನೋಡಿದರು.

“ಮಗನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಒಬ್ಬಳೇ ಬಂದೆ. ಆ ಬಾಗಿಲು ಮತ್ತೆ ತುಳಿಯಲ್ಲ.”

ನಾನು ಅವರ ಪಕ್ಕ ಹೋಗಿ ಕುಳಿತೆ.

“ಅವರನ್ನ ತಡವಾಗಿ ಕರ್ಕೊಂಡು ಹೋದ್ವಿ, ಅತ್ತೆ. ನನಗೆ ಈಗ ಇರೋದು ನೀವೊಬ್ರೇ.”

ಅತ್ತೆ ಎದ್ದು ತಮ್ಮ ಯಂತ್ರದ ಮುಂದೆ ಕುಳಿತರು. ನರ್ಸಮ್ಮನ ಸಮವಸ್ತ್ರದ ಅಂಚನ್ನು ಪೂರ್ತಿ ಹೊಲಿದು ಮುಗಿಸಿದರು. ಆಮೇಲೆ, ಎಷ್ಟು ಗಂಟೆಗೆ ಹೊರಡಬೇಕು ಎಂದು ಕೇಳಿದರು.

ಅದು ಕ್ಯಾನ್ಸರೇ ಆಗಿತ್ತು. ಆದರೆ ಇನ್ನೂ ಚಿಕ್ಕದು. ಕತ್ತರಿಸಿ ತೆಗೆದರು. ಅತ್ತೆಯ ಮಾತು ಈಗ ಸ್ವಲ್ಪ ತೊದಲುತ್ತದೆ. ಬೈಗುಳ ಮಾತ್ರ ಮೊದಲಿನಷ್ಟೇ ಸ್ಪಷ್ಟ. ಬೆಳಿಗ್ಗೆ ಅದು ಕೇಳಿಸಿದಾಗಲೆಲ್ಲ ನರ್ಸಮ್ಮನನ್ನು ನೆನೆಯುತ್ತೇನೆ. ಅವರ ಸಮವಸ್ತ್ರದಿಂದ ಉಳಿದ ಬಟ್ಟೆಯಲ್ಲಿ ಒಂದು ಪುಟ್ಟ ದಿಂಬು ಹೊಲಿದಿದ್ದೇನೆ. ಸೂಜಿಗಳು ಈಗ ಅದರಲ್ಲಿರುತ್ತವೆ.

ಓದುತ್ತಿರುವ ನೀವು ಇವತ್ತು ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿಕೊಳ್ಳಿ. ಮನೆಯ ಹಿರಿಯರ ಬಾಯನ್ನೂ ನೋಡಿ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಹೊಸ ಗಂಟು ಕಂಡರೆ ವೈದ್ಯರಿಗೆ ತೋರಿಸಿ. ಕಾರಣವನ್ನು ನೀವೇ ಹೇಳಿಕೊಂಡು ಸುಮ್ಮನಾಗಬೇಡಿ. ನಾವು ಎರಡು ತಿಂಗಳು ಸೂಜಿಯನ್ನೇ ದೂರುತ್ತಿದ್ದೆವು.